ವಾಪಸ್ ಕೇಳಿದ ಸಿಹಿ

ಮೊಳೆ ಖಾಲಿ ಇತ್ತು.

ಶೂಹೇ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಯುನೊಹಾರಾ ಊರಿನ ಆ ಬೀದಿಗೆ ಒಂದು ಬಿಸಿನೀರ ಮನೆ, ಗಂಡಸರಿಗೊಂದು ಹೆಂಗಸರಿಗೊಂದು ತೊಟ್ಟಿ, ಬತ್ತಲೆಯಾಗಿ ಎಲ್ಲರೂ ಒಟ್ಟಿಗೆ ನೀರಿನಲ್ಲಿ ಕೂರುವುದು. ಅದರ ಬಾಗಿಲ ಪಕ್ಕದ ಹಲಗೆಯಲ್ಲಿ ಬೀದಿಯ ಪ್ರತಿ ಮನೆಗೂ ಒಂದು ಮೊಳೆ, ಪ್ರತಿ ಮೊಳೆಗೂ ಹೆಸರು ಬರೆದ ಮರದ ಬಿಲ್ಲೆ. ಸ್ನಾನಕ್ಕೆ ಹೋಗುವವರು ಬಿಲ್ಲೆ ತಿರುಗಿಸಿ ಒಳಗೆ ಹೋಗುತ್ತಾರೆ, ಬರುವಾಗ ಮತ್ತೆ ಸರಿಮಾಡುತ್ತಾರೆ. ‘ಕುವಾನೊ’ ಎಂಬ ಬಿಲ್ಲೆ ಅವನ ಅಪ್ಪನ ಕಾಲದಿಂದ ಅಲ್ಲಿ ತೂಗುತ್ತಿತ್ತು. ಆಪರೇಷನ್ ಆಗಿ ಅವನು ಈ ಕಡೆ ತಲೆಯೇ ಹಾಕದಿದ್ದ ಎರಡು ವರ್ಷವೂ ಅದನ್ನು ಯಾರೂ ಮುಟ್ಟಿರಲಿಲ್ಲ. ಹೋದ ವಾರ ಅವನೇ ಬಂದು, ಧೂಳು ಒರೆಸಿ, ತಿರುಗಿಸಿ, ಒಳಗೆ ಹೋಗಿ ಕತ್ತಿನವರೆಗೆ ನೀರಿನಲ್ಲಿ ಕೂತು ಹೋಗಿದ್ದ. ಈಗ ಬಿಲ್ಲೆ ಇದ್ದ ಜಾಗದಲ್ಲಿ ಹಲಗೆಯ ಬಣ್ಣ ಮಾತ್ರ ಸ್ವಲ್ಪ ತಿಳಿಯಾಗಿ ಕಾಣುತ್ತಿತ್ತು.

“ಬಂದ್ಯಾ ಶೂಹೇ?” ಹೆಂಗಸರ ಕಡೆಯ ಪರದೆ ಸರಿಸಿಕೊಂಡು ಓಗಾತಾ ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ನೆಲ ತಿಕ್ಕುವ ಬ್ರಷ್. ಬಿಸಿನೀರ ಮನೆಯ ಯಜಮಾನಿಕೆ ಅವಳದ್ದು. ಶೂಹೇ ಅಂಬೆಗಾಲಿಡುವಾಗ ಇದೇ ನೀರಿನಲ್ಲಿ ಅವನ ಬೆನ್ನು ತಿಕ್ಕಿದವಳು.

“ಅಜ್ಜಿ, ನನ್ನ ಬಿಲ್ಲೆ?”

“ಜೋಪಾನವಾಗಿ ಎತ್ತಿಟ್ಟಿದ್ದೀನಿ ಮಗಾ. ಸ್ವಲ್ಪ ದಿನ ಅಷ್ಟೇ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಚಳಿ ಬೇರೆ. ಯಾರೂ ಏನೂ ಅನ್ಕೊಂಡಿಲ್ಲ.”

ಯಾರೂ ಏನೂ ಅಂದುಕೊಂಡಿಲ್ಲ ಎಂದರೆ ಎಲ್ಲರೂ ಅಂದುಕೊಂಡಾಗಿದೆ ಎಂದೇ ಅರ್ಥ. ಆ ಬೀದಿಯಲ್ಲಿ ಹುಟ್ಟಿದವನಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

“ಏನು ಅನ್ಕೋಬೇಕಿತ್ತು ಅಜ್ಜಿ?”

“ಅದೇ, ನಿನ್ನ ಹೊಟ್ಟೆ ಚೀಲದ ವಿಷಯ.” ಅಜ್ಜಿ ಬ್ರಷ್ಷಿನ ಕೂದಲು ಕೀಳುತ್ತ ನಿಂತಳು. “ನಿನ್ನ ನೋಡ್ಕೊಳ್ಳೋಕೆ ಬರ್ತಾಳಲ್ಲ ಆ ಹುಡುಗಿ, ಎಷ್ಟು ಮರ್ಯಾದಸ್ಥೆ ಅಂತೀಯಾ. ಮನೆ ಮನೆಗೂ ಒಂದೊಂದು ಸಿಹಿ ಡಬ್ಬ ತಂದು, ಬಾಗಿಲಲ್ಲಿ ಸೊಂಟ ಬಗ್ಗಿಸಿ, ‘ಕುವಾನೊ ಅವರು ಇನ್ಮೇಲೆ ಸ್ನಾನಕ್ಕೆ ಬರ್ತಾರೆ, ನಿಮಗೆಲ್ಲ ತೊಂದರೆ ಆಗುತ್ತೆ, ದಯವಿಟ್ಟು ಕ್ಷಮಿಸಬೇಕು’ ಅಂದ್ಲು. ಅವಳು ಅಷ್ಟೊಂದು ಕ್ಷಮೆ ಕೇಳಿದ ಮೇಲೇ ತಾನೇ ಇದು ತೊಂದರೆ ಅಂತ ನಮಗೂ ಹೊಳೆದಿದ್ದು.”

ಶೂಹೇಯ ಕಂಕುಳಲ್ಲಿದ್ದ ಸೋಪಿನ ಬಟ್ಟಲು ಜಾರಿ ಕೆಳಗೆ ಬಿತ್ತು. ಅಜ್ಜಿಯೇ ಎತ್ತಿಕೊಟ್ಟಳು.

ಆ ಊರಿನ ರೂಢಿಯೇ ಹಾಗೆ. ಮನೆಯ ಸೂರು ರಿಪೇರಿ ಮಾಡಿಸುವವರು ಸುತ್ತಿಗೆ ಎತ್ತುವ ಮೊದಲೇ ಸಿಹಿ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೋಗಿ, ಸದ್ದಾಗುತ್ತದೆ, ಕ್ಷಮಿಸಿ ಅನ್ನುತ್ತಾರೆ. ಬಾವಿ ತೋಡಿಸುವವರು ಅನ್ನುತ್ತಾರೆ, ನಾಯಿ ತಂದು ಕಟ್ಟುವವರು ಅನ್ನುತ್ತಾರೆ. ತಪ್ಪು ಆಗುವ ಮೊದಲೇ ತಪ್ಪಾಯ್ತು ಅಂದುಬಿಟ್ಟರೆ ಆಮೇಲೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಸೂರಿನ ಸುತ್ತಿಗೆ ಬೇರೆ, ಮನುಷ್ಯನ ಮೈ ಬೇರೆ. ಇಷ್ಟು ತಿಳಿಯದೆ ಹೋಯಿತೇ ಅವಳಿಗೆ?

ಬೇರೆ ಯಾರೇ ಮಾಡಿದ್ದರೂ ಅವನು ಸಹಿಸುತ್ತಿದ್ದ. ಮಾಡಿದವಳು ಚಿಗುಸಾ.

*

ಶೂಹೇ ಬೀದಿಯ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳಿದರೆ ಅಳತೆ ಸರಿಹೋಗಲಿಲ್ಲ ಅನ್ನುತ್ತಿದ್ದ. ಕರುಳಿನಲ್ಲಿ ಗಡ್ಡೆ ಆದಾಗ ಡಾಕ್ಟರು ಕೆಟ್ಟ ಭಾಗ ಕತ್ತರಿಸಿ, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಕ್ಕೆ ಹೊರಗೆ ತಂದು ಹೊಲಿದರು. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಕೆಂಪಗೆ, ಸದಾ ಒದ್ದೆಯಾಗಿರುವ ಒಂದು ಪುಟ್ಟ ಬಾಯಿ. ಅದರ ಸುತ್ತ ಚರ್ಮಕ್ಕೆ ಅಂಟುವ ತಟ್ಟೆ, ತಟ್ಟೆಗೆ ಚೀಲ. ಬೇರೆಯವರಿಗೆ ಹಿಂದಿನಿಂದ ಹೋಗುವುದು ಇವನಿಗೆ ಮುಂದಿನಿಂದ, ಅಷ್ಟೇ ವ್ಯತ್ಯಾಸ. ಆದರೂ ಬೀದಿಯವರಿಗೆ ಅವನು ಹೇಳಿದ್ದು ಬೇರೆ: ಬಿಪಿ ಇದೆ, ಡಾಕ್ಟರು ಬಿಸಿನೀರು ಬೇಡ ಅಂದಿದ್ದಾರೆ.

ಆಮೇಲೆ ಸಣ್ಣದೊಂದು ಸ್ಟ್ರೋಕ್ ಆಗಿ ಬಲಗೈಯ ಬೆರಳುಗಳು ಕತ್ತರಿ ಹಿಡಿಯಲೊಲ್ಲೆವು ಅಂದವು. ತಟ್ಟೆಯಲ್ಲಿ ಸ್ಟೋಮಾದ ಅಳತೆಗೆ ದುಂಡಗೆ ತೂತು ಕತ್ತರಿಸಬೇಕು, ದೊಡ್ಡದಾದರೆ ಚರ್ಮ ಸುಡುತ್ತದೆ, ಚಿಕ್ಕದಾದರೆ ಸ್ಟೋಮಾಗೆ ಗಾಯ. ಹಾಗಾಗಿ ಆರೈಕೆ ಆಫೀಸಿನವರು ಮಿಯಾಕೆ ಚಿಗುಸಾ ಎಂಬ ಹೆಲ್ಪರನ್ನು ಕಳಿಸಿದರು. ಗಂಡನನ್ನು ಬಿಟ್ಟು ಬಹಳ ವರ್ಷವಾದ, ನಕ್ಕರೆ ಒಂದು ಹುಬ್ಬು ಮಾತ್ರ ಮೇಲೇರುವ ಹೆಂಗಸು.

ಮೊದಲ ದಿನವೇ ಅವಳ ಕತ್ತರಿಯನ್ನು ಅವನಿಂದ ನೋಡಲಾಗಲಿಲ್ಲ.

“ಕತ್ತರೀನ ತಿರುಗಿಸಬೇಡಿ. ಬಟ್ಟೆ ತಿರುಗಿಸಿ.”

“ಇದು ಬಟ್ಟೆ ಅಲ್ಲ ಕುವಾನೊ ಅವರೇ.”

“ಕತ್ತರಿಗೆ ಅದು ಗೊತ್ತಿಲ್ಲ.”

ಅವಳ ಹುಬ್ಬು ಮೇಲೇರಿತು. ಸರಿಯಾಗಿ ಅದೇ ಹೊತ್ತಿಗೆ ಅವನ ಹೊಟ್ಟೆಯ ಮೇಲಿನ ಆ ಪುಟ್ಟ ಬಾಯಿ ಉದ್ದಕ್ಕೆ, ನಾಚಿಕೆಯಿಲ್ಲದೆ ಸದ್ದು ಮಾಡಿತು. ಶೂಹೇಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ತಲೆ ಎತ್ತದೆ ಹೇಳಿದಳು: “ನೋಡಿ, ಅವರೂ ನಿಮ್ಮ ಮಾತೇ ಸರಿ ಅಂತಿದ್ದಾರೆ.”

ಅವನು ಎಷ್ಟು ನಕ್ಕನೆಂದರೆ ತಟ್ಟೆ ಅಂಟಿಸಲು ಅವಳು ಕಾಯಬೇಕಾಯಿತು. ಅಂಟಿಸಿದ ಮೇಲೆ ಅದು ಕೂರಲೆಂದು ಅಂಗೈ ಒತ್ತಿ ಹಿಡಿಯಬೇಕು, ಮೈಶಾಖಕ್ಕೇ ಅಂಟು ಹಿಡಿಯುತ್ತದೆ. ಅವಳು ಒತ್ತಿ ಹಿಡಿದು ಕಿಟಕಿಯ ಆಚೆ ನೋಡುತ್ತಿದ್ದಳು, ಅವನು ಅವಳ ಕಿವಿಯ ಹಿಂದೆ ಜಾರಿದ ಕೂದಲು ನೋಡುತ್ತಿದ್ದ. ಅಂಟು ಕೂತ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದುಬಿಡುವುದು ಯಾವಾಗ ಶುರುವಾಯಿತೋ ಇಬ್ಬರಿಗೂ ತಿಳಿಯದು.

ಅವಳು ಬಂದಾಗೆಲ್ಲ ಎಡಗೈಯಲ್ಲೇ ಒದ್ದಾಡಿ ಚಹಾ ಮಾಡಿ ಇಡುತ್ತಿದ್ದ. ಹೆಲ್ಪರ್‌ಗಳು ಮನೆಯವರ ನೀರನ್ನೂ ಮುಟ್ಟಬಾರದೆಂದು ನಿಯಮ. ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದಳು.

“ಕುಡಿದ್ರೆ ಏನಾಗುತ್ತೆ?”

“ಕೆಲಸ ಹೋಗುತ್ತೆ.”

“ಹಿಡ್ಕೊಂಡ್ರೆ?”

“ಕೈ ಬೆಚ್ಚಗಾಗುತ್ತೆ. ಅದಕ್ಕೆ ನಿಯಮ ಇಲ್ಲ.”

ಅವಳು ಹೋದ ಮೇಲೆ ಆ ತಣ್ಣನೆಯ ಚಹಾವನ್ನು ಅವನೇ ಕುಡಿಯುತ್ತಿದ್ದ. ರುಚಿ ಅನ್ನಿಸುತ್ತಿತ್ತು, ಏನು ಮಾಡುವುದು.

ಅವಳಿಗೇ ಅವನು ಬಿಸಿನೀರ ಮನೆಯ ಆಸೆ ಹೇಳಿದ್ದು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಒಂದು ಗೋಡೆ, ಆದರೆ ಸೂರು ಮುಟ್ಟುವುದಿಲ್ಲ. ಸ್ನಾನ ಮುಗಿದಾಗ ಹೆಂಡತಿಯರು ಆ ಕಡೆಯಿಂದ, “ರೀ, ನಾನು ಏಳ್ತೀನಿ” ಎಂದು ಕೂಗುತ್ತಾರೆ. ಗಂಡಂದಿರು ಈ ಕಡೆಯಿಂದ, “ಆಯ್ತು ಕಣೇ, ಬಂದೆ” ಅನ್ನುತ್ತಾರೆ. ಆಗ ಚಳಿಯಲ್ಲಿ ಒಬ್ಬರಿಗೊಬ್ಬರು ಕಾಯಬೇಕಿಲ್ಲ.

“ಚಿಕ್ಕವನಿದ್ದಾಗಿಂದ ಕೇಳ್ತಿದ್ದೀನಿ. ಒಂದು ರೀ ಕೂಡ ನನಗಲ್ಲ,” ಅಂದಿದ್ದ.

“ನೀರಾದ್ರೂ ನಿಮಗಿರಲಿ. ಹೋಗಿ. ಚೀಲ ಖಾಲಿ ಮಾಡಿ ಮೇಲೊಂದು ಪಟ್ಟಿ ಹಾಕಿದ್ರೆ ಆಯ್ತು, ನೀರಿಗೂ ಏನಾಗಲ್ಲ, ನಿಮಗೂ ಏನಾಗಲ್ಲ.”

ಚರ್ಮದ ಬಣ್ಣದ ಪಟ್ಟಿಯನ್ನು ಅವಳೇ ಕಟ್ಟಿ ಕಳಿಸಿದಳು. ಅವನು ಹೋದ. ಮೀನಿನ ಅಂಗಡಿಯ ಹಾಮಾಸಾಕಿ ನೀರಿನಲ್ಲಿದ್ದ. ಈ ಸಲದ ಬಂಗುಡೆಗೆ ಕೊಬ್ಬೇ ಇಲ್ಲ ಎಂದು ಅವನು ಗೊಣಗಿದ್ದು ಶೂಹೇಗೆ ಎಷ್ಟು ಹಿತವಾಗಿತ್ತೆಂದರೆ ಮನೆಗೆ ಬಂದು ಚಿಗುಸಾಗೆ ಪದಪದವಾಗಿ ಹೇಳಿದ. ಅವಳ ಕಣ್ಣು ತುಂಬಿಕೊಂಡಿತ್ತು.

ಈಗ ಯೋಚಿಸಿದರೆ, ಬಂಗುಡೆ ವಿಷಯ ಮಾತಾಡುವಾಗ ಹಾಮಾಸಾಕಿಗೆ ಎಲ್ಲ ಗೊತ್ತಿತ್ತು. ಮನೆಯಲ್ಲಿ ಸಿಹಿ ತಿಂದೇ ಬಂದಿದ್ದ.

*

ಮುಂದಿನ ಸಲ ಅವಳು ಬಂದಾಗ ಮೇಜಿನ ಮೇಲೆ ಚಹಾ ಇರಲಿಲ್ಲ. ಏಪ್ರನ್ ಕಟ್ಟಿಕೊಳ್ಳುತ್ತಿದ್ದವಳು ಅದನ್ನು ನೋಡಿ ಅಲ್ಲೇ ನಿಂತಳು.

“ಬಿಲ್ಲೆ ತೆಗೆದ್ರು,” ಅಂದ ಶೂಹೇ.

ಅವಳ ಮುಖ ಬಿಳುಚಿಕೊಂಡಿತು. “ಯಾರು?”

“ನೀವು.”

“ಕುವಾನೊ ಅವರೇ, ನಾನು ಒಳ್ಳೇದಾಗಲಿ ಅಂತ...”

“ಅಜ್ಜಿಯೂ ಅದನ್ನೇ ಅಂದ್ಲು. ನನ್ನ ಒಳ್ಳೇದಕ್ಕೆ ಈ ಬೀದಿ ತುಂಬ ಜನ ಇದ್ದಾರೆ.”

ಅವಳು ಚಾಪೆಯ ಮೇಲೆ ಕೂತಳು. ಅವಳ ಅಮ್ಮನಿಗೂ ಇದೇ ಚೀಲ ಇತ್ತಂತೆ. ಒಂದು ಸಲ ಯಾವುದೋ ಊರಿನ ಬಿಸಿನೀರಿನಲ್ಲಿ ಯಾರೋ ನೋಡಿ ಕಿರುಚಿ, ಎಲ್ಲರೆದುರು ಅಮ್ಮನನ್ನು ನೀರಿನಿಂದ ಎಬ್ಬಿಸಿ ಕಳಿಸಿದ್ದರಂತೆ. ಬತ್ತಲೆ ಮೈಯಲ್ಲಿ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತ ಅಮ್ಮ ಹಿಂದೆ ಹಿಂದೆ ನಡೆದದ್ದು ಇವತ್ತಿಗೂ ಅವಳ ಕಣ್ಣಿಗೆ ಕಟ್ಟಿದಂತಿದೆ. “ನಿಮಗೆ ಹಾಗಾಗಬಾರದು ಅಂತ ಮೊದಲೇ ಹೇಳಿಬಿಟ್ಟೆ. ಹೇಳಿದ್ರೆ ಯಾರೂ ಕಿರುಚಲ್ಲ ಅಂತ.”

“ಕಿರುಚಲಿಲ್ಲ. ನಿಜ. ಕಿರುಚಿದ್ರೆ ನಾನೂ ತಿರುಗಿ ಕಿರುಚ್ತಿದ್ದೆ. ಹೇಳಿದ್ದಕ್ಕಲ್ಲ ಚಿಗುಸಾ ಅವರೇ. ಹೇಳಬಾರದಿತ್ತು, ಹೇಳಿದ್ರಿ, ಹೋಗ್ಲಿ. ಆದ್ರೆ ನನ್ನ ಪರವಾಗಿ ಕ್ಷಮೆ ಯಾಕೆ ಕೇಳಿದ್ರಿ? ಸತ್ತಿದ್ದೋನು ಬದುಕಿ ಬಂದೆ. ಅದರಲ್ಲಿ ನಾನು ಯಾರಿಗೆ ಏನು ತಪ್ಪು ಮಾಡಿದ್ದೀನಿ?”

ಅವನು ಮೊದಲ ಬಾರಿಗೆ ಅವಳನ್ನು ಹೆಸರು ಹಿಡಿದು ಕರೆದಿದ್ದ. ಹೀಗೆ ಕರೆಯಬೇಕಾಯಿತಲ್ಲ ಎಂದು ಇಬ್ಬರಿಗೂ ಅನ್ನಿಸಿತು.

“ತಪ್ಪಾಯ್ತು,” ಎಂದು ಅವಳು ಹಣೆ ನೆಲಕ್ಕೆ ಹಚ್ಚಿದಳು.

“ನೋಡಿ, ಮತ್ತೆ ಅದೇ.”

ಅವಳು ಎದ್ದಳು. “ತಟ್ಟೆ ಬದಲಾಯಿಸಬೇಕು ಇವತ್ತು.”

“ನಿಮ್ಮ ಕೈ ಬೇಡ.”

ಇದಕ್ಕಿಂತ ಕೆಟ್ಟ ಮಾತು ಅವನ ಬಾಯಲ್ಲಿ ಅದುವರೆಗೆ ಬಂದಿರಲಿಲ್ಲ. ಅವಳು ಏಪ್ರನ್ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಸಿ, ಚೀಲದಲ್ಲಿಟ್ಟುಕೊಂಡು ಹೋದಳು. ಹೋಗಿ ತಾನೇ ಆಫೀಸಿನಲ್ಲಿ ನಡೆದದ್ದನ್ನು ಹೇಳಿದಳೆಂದು ಆಮೇಲೆ ತಿಳಿಯಿತು. ಅವಳನ್ನು ಮನೆಗಳಿಗೆ ಕಳಿಸುವುದು ನಿಂತು, ಗುಡ್ಡದ ಮೇಲಿನ ವೃದ್ಧಾಶ್ರಮಕ್ಕೆ ಹಾಕಿದರಂತೆ.

*

ಹೊಸ ಹೆಲ್ಪರ್ ಬಂದ. ಒಳ್ಳೆಯವನೇ. ಮಾತಿಲ್ಲ, ಕತೆಯಿಲ್ಲ, ಅವನು ಕತ್ತರಿಸಿದ ತೂತು ಮೊಟ್ಟೆಯಾಕಾರದಲ್ಲಿರುತ್ತಿತ್ತು. ಚಹಾ ಕೊಟ್ಟರೆ ಬೇಡ ಎಂದು ಕೈಯಾಡಿಸಿ ಹೋಗುತ್ತಿದ್ದ, ಹಿಡಿದುಕೊಂಡು ಕೂರುವುದೆಲ್ಲ ಅವನಿಗೆ ಗೊತ್ತಿರಲಿಲ್ಲ.

ಬೀದಿಯವರು ಬಹಳ ಚೆನ್ನಾಗಿ ನಡೆದುಕೊಂಡರು. ಬಾಗಿಲಲ್ಲಿ ಮೂಲಂಗಿ ಇಟ್ಟು ಹೋದರು, ಎಲೆಕೋಸು ಇಟ್ಟು ಹೋದರು. ಎದುರಿಗೆ ಸಿಕ್ಕರೆ ಅವನ ಮುಖ ಬಿಟ್ಟು ಅಂಗಿಯ ಗುಂಡಿ ನೋಡಿ ಮಾತಾಡಿದರು. ಬಿಸಿನೀರ ಮನೆಗೆ ಬಾ ಎಂದು ಮಾತ್ರ ಒಬ್ಬರೂ ಅನ್ನಲಿಲ್ಲ. ಅವರೆಲ್ಲರ ಕೋಟು ಹೊಲಿದವನು ಅವನು. ಯಾರ ಭುಜ ಯಾವ ಕಡೆಗೆ ವಾಲುತ್ತದೆ, ಯಾರ ಬೆನ್ನು ಗೂನು ಎಲ್ಲ ಗೊತ್ತಿದ್ದೂ ಒಬ್ಬರ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳದೆ ಬಟ್ಟೆಯೊಳಗೆ ಮುಚ್ಚಿಟ್ಟಿದ್ದ. ಅವನ ಸರದಿ ಬಂದಾಗ ಎಲ್ಲರೂ ಕೈಬಿಟ್ಟರು. ಮೂಲಂಗಿ ಕೊಳೆಯುವವರೆಗೂ ಅವನು ಮುಟ್ಟಲಿಲ್ಲ.

ಸಿಟ್ಟಿಗೆ ಎಡಗೈಗೆ ಕತ್ತರಿ ಕೊಟ್ಟ. ಹಳೆಯ ಪೇಪರು, ಹಳೆಯ ಬಟ್ಟೆ, ಕೊನೆಗೆ ತಟ್ಟೆ. ಕತ್ತರಿ ತಿರುಗಿಸದೆ ತಟ್ಟೆ ತಿರುಗಿಸಿದ, ಬಲಗೈಯನ್ನು ಬರೀ ಭಾರಕ್ಕಿಟ್ಟುಕೊಂಡ. ಪ್ಲಮ್ ಮರ ಹೂಬಿಟ್ಟು ಉದುರುವ ಹೊತ್ತಿಗೆ ದುಂಡನೆಯ ತೂತು ಬಂತು. ಯಾರಿಗಾದರೂ ತೋರಿಸಬೇಕೆನ್ನಿಸಿತು. ತೋರಿಸಬೇಕೆನ್ನಿಸಿದವಳು ಒಬ್ಬಳೇ, ಅವಳ ಮೇಲೇ ಸಿಟ್ಟು. ಹೊಸ ಹೆಲ್ಪರನಿಗೆ ಇನ್ನು ಬರಬೇಡಪ್ಪ ಅಂದ. ಒಂಟಿಯಾಗಿ ತಟ್ಟೆ ಅಂಟಿಸಿ, ತನ್ನ ಅಂಗೈಯನ್ನೇ ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತ ಕೂತ. ಅಂಟು ಕೂತಿತು. ಅವನು ಏಳಲಿಲ್ಲ.

ಅಂಥ ಒಂದು ಮಧ್ಯಾಹ್ನ ಹಾಮಾಸಾಕಿ ದಡಬಡ ಬಾಗಿಲು ಸರಿಸಿಕೊಂಡು ಒಳಗೆ ಬಂದ.

“ಏನಯ್ಯಾ ಕುವಾನೊ, ನಿನ್ನ ಆ ಹೆಂಗಸಿಗೆ ತಲೆಗಿಲೆ ಕೆಟ್ಟಿದೆಯಾ?”

“ಯಾವ ಹೆಂಗಸು?”

“ಇನ್ಯಾವುದು. ಮನೆ ಮನೆಗೆ ಬಂದು ಸಿಹಿ ವಾಪಸ್ ಕೊಡಿ ಅಂತಿದ್ದಾಳೆ. ತಿಂದು ಎಷ್ಟು ತಿಂಗಳಾಯ್ತು. ಎಲ್ಲಿಂದ ಕೊಡ್ಲಿ, ಹೊಟ್ಟೆಯಿಂದ ತೆಗೀಲಾ?”

ಅಂದವನು ಶೂಹೇಯ ಹೊಟ್ಟೆ ನೋಡಿ, ನಾಲಿಗೆ ಕಚ್ಚಿಕೊಂಡು, ಕಿವಿಯವರೆಗೆ ಕೆಂಪಾದ. ಶೂಹೇಗೆ ನಗು ತಡೆಯಲಾಗಲಿಲ್ಲ. ಹಾಮಾಸಾಕಿಯೂ ಪೆಚ್ಚುಪೆಚ್ಚಾಗಿ ನಕ್ಕ. ಅಷ್ಟು ತಿಂಗಳಲ್ಲಿ ಅವನು ಶೂಹೇಯ ಮುಖ ನೋಡಿದ್ದು ಅದೇ ಮೊದಲು.

ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು. ಯುನೊಹಾರಾದಲ್ಲಿ ಇಂಥ ಮರ್ಯಾದೆಗೇಡಿನ ಕೆಲಸವನ್ನು ಯಾರೂ ಮಾಡಿದ್ದಿಲ್ಲ, ಮಾಡಬಹುದೆಂದು ಯೋಚಿಸಿದ್ದೂ ಇಲ್ಲ.

*

ಅವಳು ಬಂದಾಗ ಮೈಮೇಲೆ ಏಪ್ರನ್ ಇರಲಿಲ್ಲ. ಮುಂಬಾಗಿಲ ಬೆಲ್ ಒತ್ತಿ, ಅತಿಥಿಯ ಹಾಗೆ ಕಾದು ನಿಂತಳು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಡಬ್ಬ.

“ಕ್ಷಮೆ ಕೇಳೋಕೆ ಬಂದಿಲ್ಲ,” ಅಂದಳು. “ಕೇಳಿದ ಕ್ಷಮೆ ವಾಪಸ್ ತಗೊಂಡು ಬಂದೆ.”

ಶೂಹೇ ಬಾಗಿಲು ಬಿಟ್ಟು ಸರಿದ.

“ಏನಂದ್ರಿ ಅವರಿಗೆ?”

“ಕುವಾನೊ ಅವರಿಂದ ಯಾರಿಗೂ ಯಾವ ತೊಂದರೆಯೂ ಇರಲಿಲ್ಲ, ಇಲ್ಲದ ತಪ್ಪಿಗೆ ನಾನು ಸಿಹಿ ಕೊಟ್ಟಿದ್ದೆ, ಹಾಗಾಗಿ ಸಿಹಿ ವಾಪಸ್ ಕೊಡಿ ಅಂದೆ. ಒಬ್ಬರು ಬಾಗಿಲು ಹಾಕ್ಕೊಂಡ್ರು. ಹಾಮಾಸಾಕಿ ಅವರು ಮೀನಿನ ನೀರು ಎರಚೋದೊಂದು ಬಾಕಿ.” ಅವಳ ಹುಬ್ಬು ಮೇಲೇರಲು ನೋಡಿ ಮತ್ತೆ ಇಳಿಯಿತು. “ಓಗಾತಾ ಅಜ್ಜಿ ತುಂಬ ಹೊತ್ತು ನನ್ನೇ ನೋಡಿದ್ರು. ಆಮೇಲೆ ಒಳಗೆ ಹೋಗಿ ಇದನ್ನ ತಂದುಕೊಟ್ಟು, ‘ತಿಂದಾಗಿದೆ, ಆದ್ರೆ ಖಾಲಿ ಡಬ್ಬ ವಾಪಸ್ ಕೊಡೋ ಮನೆ ನಮ್ಮದಲ್ಲ’ ಅಂದ್ರು. ನಾನು ಬಿಚ್ಚಿ ನೋಡಿಲ್ಲ.”

ಅವನು ಎಡಗೈಯಲ್ಲಿ ಗಂಟು ಬಿಚ್ಚಿದ. ಡಬ್ಬದ ಒಳಗೆ ಬಿಳಿ ಕಾಗದದ ಮೇಲೆ ಮರದ ಬಿಲ್ಲೆ ಮಲಗಿತ್ತು. ಕುವಾನೊ. ಯಾರೋ ಅದನ್ನು ತಿಕ್ಕಿ ತೊಳೆದಿದ್ದರು, ಅಪ್ಪನ ಕಾಲದ ಅಕ್ಷರ ಎದ್ದು ಕಾಣುತ್ತಿತ್ತು.

ಶೂಹೇ ಅದನ್ನು ಕೈಯಲ್ಲಿ ಹಿಡಿದು ಕೂತ. ಅಳು ಬಂತು, ತಡೆಯಲಿಲ್ಲ. ಚಿಗುಸಾ ಕರವಸ್ತ್ರ ಕೊಡಲಿಲ್ಲ, ಹತ್ತಿರವೂ ಬರಲಿಲ್ಲ. ಕಾದಳು.

“ನನಗೆ ಇನ್ನೂ ನೋವಿದೆ,” ಅಂದ.

“ಇರಲಿ.”

“ಬೇಗ ಹೋಗಲ್ಲ ಅದು.”

“ಇರಲಿ ಅಂದ್ನಲ್ಲ. ನಾನೂ ಬೇಗ ಹೋಗಲ್ಲ.”

ಅವನು ಎದ್ದು ಡ್ರಾಯರಿನಿಂದ ತಟ್ಟೆಯೊಂದನ್ನು ತೆಗೆದು ಅವಳ ಮುಂದಿಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು, ತೂತಿನ ಅಂಚಿನ ಸುತ್ತ ಬೆರಳಾಡಿಸಿದಳು.

“ಯಾರು ಕತ್ತರಿಸಿದ್ದು?”

“ಎಡಗೈ.”

“ನನ್ನದಕ್ಕಿಂತ ಚೆನ್ನಾಗಿದೆ.” ಅವಳ ದನಿ ಸಣ್ಣಗಾಯಿತು. “ಹಾಗಾದ್ರೆ ನಿಜವಾಗ್ಲೂ ನನ್ನ ಕೈ ಬೇಡ.”

“ಕತ್ತರಿಸೋಕೆ ಬೇಡ,” ಅಂದ ಶೂಹೇ. ಆಮೇಲೆ ಒಲೆಯ ಕಡೆ ಹೋಗಿ ಚಹಾ ಮಾಡಿದ. ಬೆನ್ನು ಹಾಕಿಕೊಂಡೇ ಉಳಿದರ್ಧ ಹೇಳಿದ. “ಕೆಲಸಕ್ಕೆ ಬೇಡ. ಸುಮ್ಮನೆ ಬೇಕು. ದಿನಾ ಬೇಕು.”

ಬಟ್ಟಲು ತಂದು ಇಟ್ಟ. ಅವಳು ಯಾವಾಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ನೋಡುತ್ತಿದ್ದ. ಅವಳು ಬಟ್ಟಲನ್ನು ತುಟಿಗೆ ತಂದು, ಬಿಸಿಬಿಸಿಯಾಗಿ, ತಳ ಕಾಣುವವರೆಗೂ ಕುಡಿದಳು.

“ಇಷ್ಟು ಕೆಟ್ಟದಾಗಿ ಚಹಾ ಮಾಡ್ತೀರಾ ನೀವು?” ಅಂದಳು. “ಇಷ್ಟು ದಿನ ನಿಯಮ ನನ್ನ ಕಾಪಾಡಿತ್ತು.”

*

ಹೊತ್ತು ಇಳಿಯುವ ಮುಂಚೆ ಇಬ್ಬರೂ ಬಿಸಿನೀರ ಮನೆಗೆ ಹೋದರು. ಅವನು ಬಿಲ್ಲೆಯನ್ನು ಮೊಳೆಗೆ ಹಾಕಿ ತಿರುಗಿಸಿದ. ಅವಳು ಬಿಲ್ಲೆ ಇಲ್ಲದ ಹೊರಗಿನವರು ದುಡ್ಡು ಹಾಕುವ ಡಬ್ಬಿಗೆ ನಾಣ್ಯ ಹಾಕಿದಳು. ಹೆಂಗಸರ ಕಡೆ ಓಗಾತಾ ಅಜ್ಜಿ ಇದ್ದಳು. ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಚಿಗುಸಾ ಕೂರಲು ಒಂದು ಮಣೆ ಕಾಲಲ್ಲಿ ಸರಿಸಿದಳು.

ಗಂಡಸರ ಕಡೆ ನಾಲ್ಕಾರು ಜನ. ಶೂಹೇ ಈ ಸಲ ಪಟ್ಟಿ ಕಟ್ಟಿರಲಿಲ್ಲ. ಚೀಲ ಇದ್ದ ಹಾಗೇ ಕಾಣುತ್ತಿತ್ತು. ಅವನು ಮೈ ತೊಳೆದು ನೀರಿಗಿಳಿದಾಗ ಮೂಲೆಯಲ್ಲಿದ್ದವರೊಬ್ಬರು ತಮಗೆ ತಡವಾಯಿತೆಂದು ಗೊಣಗುತ್ತ ಎದ್ದು ಹೋದರು. ಉಳಿದವರು ನೀರು ನೋಡುತ್ತ ಕೂತರು. ಹಾಮಾಸಾಕಿ ಬಾಯಿ ತೆಗೆದು, ಏನೂ ಹೊಳೆಯದೆ, ಮುಚ್ಚಿದ. ಬಂಗುಡೆಯೂ ಅವನ ಸಹಾಯಕ್ಕೆ ಬರಲಿಲ್ಲ.

ಏಳಬೇಕೋ ಕೂರಬೇಕೋ. ಕ್ಷಮಿಸಿ ಎಂಬ ಮಾತು ಶೂಹೇಯ ನಾಲಿಗೆ ತುದಿಯವರೆಗೂ ಬಂದಿತ್ತು.

ಆಗ ಗೋಡೆಯ ಮೇಲಿಂದ, ಹಬೆಯ ಜೊತೆ, ಎಲ್ಲರಿಗೂ ಕೇಳುವ ಹಾಗೆ ಒಂದು ದನಿ ಬಂತು. ಸ್ವಲ್ಪ ನಡುಗುತ್ತಿತ್ತು, ಆದರೆ ಗಟ್ಟಿಯಾಗಿತ್ತು.

“ರೀ, ನಾನು ಏಳ್ತೀನಿ.”

ಹೆಂಗಸರ ಕಡೆ ಯಾರದೋ ತಂಬಿಗೆ ಕೆಳಗೆ ಬಿದ್ದ ಸದ್ದಾಯಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಇದು ಯಾರ ಮನೆಯವಳ ದನಿ ಎಂದು ಯಾರಿಗೂ ಗೊತ್ತಾಗಲಿಲ್ಲ, ಹಾಮಾಸಾಕಿಯೊಬ್ಬನನ್ನು ಬಿಟ್ಟು. ಸಿಹಿ ವಾಪಸ್ ಕೇಳಿದ ದನಿಯನ್ನು ಅವನು ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಮೊಣಕೈಯಿಂದ ಶೂಹೇಯನ್ನು ತಿವಿದ.

“ಕೂತಿದ್ದೀಯಲ್ಲಯ್ಯಾ. ಉತ್ತರ ಕೊಡು. ಪಾಪ, ಚಳಿಯಲ್ಲಿ ಕಾಯಿಸ್ತೀಯಾ?”

ಶೂಹೇ ಗಂಟಲು ಸರಿಮಾಡಿಕೊಂಡ. ಆ ಮಾತನ್ನು ಅವನು ಅಪ್ಪನ ಬಾಯಲ್ಲಿ ಕೇಳಿದ್ದ, ಬೀದಿಯ ಎಲ್ಲ ಗಂಡಸರ ಬಾಯಲ್ಲೂ ಕೇಳಿದ್ದ. ತನ್ನ ಬಾಯಲ್ಲಿ ಅದು ಹೇಗೆ ಬರುತ್ತದೋ ಅವನಿಗೆ ಗೊತ್ತಿರಲಿಲ್ಲ.

“ಆಯ್ತು ಕಣೇ,” ಎಂದು ಕೂಗಿದ. “ಬಂದೆ.”

ಆಮೇಲೆ ನೀರಿನಿಂದ ಎದ್ದು ನಿಂತ, ಎಲ್ಲರೆದುರು, ಯಾವುದನ್ನೂ ಕೈಯಲ್ಲಿ ಮುಚ್ಚಿಕೊಳ್ಳದೆ.